ಕೆಲಸವಿದೆ, ಹುದ್ದೆಯಿಲ್ಲ

ಗೃಹವಿಜ್ಞಾನ ಓದಿದ ಅಕ್ಕತಂಗಿಯರೇ, ಓದಿಸಿದ ತಂದೆತಾಯಂದಿರೇ,

ಈ ಪತ್ರ ಮೊದಲು ನಿಮಗೆ, ಆಮೇಲೆ ಸರಕಾರದಲ್ಲಿ ಉತ್ತರ ಕೊಡಬೇಕಾದವರಿಗೆ. ಅವರಿಗೆ ನೇರವಾಗಿ ಬರೆದ ಮನವಿಗಳು ಬೇಕಾದಷ್ಟಾಗಿವೆ. ಎಲ್ಲಕ್ಕೂ ಸ್ವೀಕೃತಿಯ ಮೊಹರು ಬಿದ್ದಿದೆ. ಮುಂದೇನಾಯಿತು ಎಂದು ಮಾತ್ರ ಯಾರೂ ಹೇಳುವುದಿಲ್ಲ. ಹಾಗಾಗಿ ಈ ಸಲ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಗೃಹವಿಜ್ಞಾನ ಓದಿದವಳು. ಕೆಲವು ವರ್ಷ ಅದೇ ವಿಷಯಕ್ಕೆ ಅತಿಥಿ ಉಪನ್ಯಾಸಕಿಯಾಗಿ ಪಾಠ ಮಾಡಿದವಳು. ನಮ್ಮ ದೂರು ಬಹಳ ಉದ್ದದ್ದೇನಲ್ಲ. ನಾವು ಓದಿ ಕಲಿತ ಕೆಲಸ ಈ ರಾಜ್ಯದ ಊರೂರಲ್ಲಿ ನಡೆಯುತ್ತಿದೆ. ಆ ಕೆಲಸಕ್ಕೆ ಹುದ್ದೆಯಿಲ್ಲ. ಹುದ್ದೆ ಇದ್ದ ಕಡೆ ಭರ್ತಿಯಿಲ್ಲ. ಭರ್ತಿಗೆ ಕರೆದಾಗ ಅರ್ಹತೆಯ ಪಟ್ಟಿಯಲ್ಲಿ ನಮ್ಮ ಪದವಿಯ ಹೆಸರಿಲ್ಲ.

"ಹೋಮ್ ಸೈನ್ಸಾ? ಅಡುಗೆ, ಹೊಲಿಗೆ ಕಲಿಸ್ತಾರಲ್ಲ, ಅದು ತಾನೆ?" ಈ ಮಾತು ಕೇಳಿಸಿಕೊಳ್ಳದವರು ನಮ್ಮಲ್ಲಿ ಯಾರೂ ಇಲ್ಲ. ನೆಂಟರು ಕೇಳುತ್ತಾರೆ. ಸಂದರ್ಶನದಲ್ಲಿ ಮೇಜಿನ ಆಚೆ ಕೂತವರೂ ಕೇಳುತ್ತಾರೆ. ಹೆಣ್ಣು ನೋಡಲು ಬಂದವರು ಮಾತ್ರ, ಮನೆ ಚೆನ್ನಾಗಿ ನೋಡಿಕೊಳ್ಳುತ್ತಾಳೆ ಬಿಡಿ ಎಂದು ಸಂತೋಷಪಡುತ್ತಾರೆ. ಓದಿದ ಪದವಿಯನ್ನು ಗಂಡಿನ ಕಡೆಯವರು ಒಪ್ಪುತ್ತಾರೆ, ಕೆಲಸ ಕೊಡುವವರು ಒಪ್ಪುವುದಿಲ್ಲ ಎಂಬ ಸ್ಥಿತಿ ಯಾವ ಓದಿಗೂ ಬರಬಾರದು.

ನಾವು ಓದಿದ್ದೇನು ಎಂದು ಹೇಳಿಬಿಡುತ್ತೇನೆ. ಜೀವರಸಾಯನ, ಶರೀರಕ್ರಿಯಾ ಶಾಸ್ತ್ರ, ಸೂಕ್ಷ್ಮಾಣುಜೀವಿ ವಿಜ್ಞಾನ ಓದಿದ್ದೇವೆ. ಸಕ್ಕರೆ ಕಾಯಿಲೆಯವರಿಗೆ, ಮೂತ್ರಪಿಂಡದ ತೊಂದರೆಯವರಿಗೆ ಯಾವ ಊಟ ಎಷ್ಟು ಗ್ರಾಂ ಎಂದು ಲೆಕ್ಕ ಹಾಕಲು ಕಲಿತಿದ್ದೇವೆ. ಹಣ್ಣು ತರಕಾರಿ ಕೆಡದ ಹಾಗೆ ಕಾಪಿಡುವುದು, ಮಗು ಯಾವ ತಿಂಗಳಿಗೆ ಏನು ಮಾಡಬೇಕು, ಮಾಡದಿದ್ದರೆ ಯಾವಾಗ ವೈದ್ಯರ ಹತ್ತಿರ ಕಳಿಸಬೇಕು, ಒಂದು ಕುಟುಂಬದ ಆದಾಯ ಖರ್ಚು ಹೇಗೆ ಹೊಂದಿಸಬೇಕು, ಇದೆಲ್ಲವೂ ಪಠ್ಯದಲ್ಲಿದೆ. ಒಂದು ಎಳೆ ನಾರನ್ನು ಸುಟ್ಟು, ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ, ಕಾಗದ ಸುಟ್ಟ ವಾಸನೆ ಬಂದರೆ ರೇಯಾನ್ ಎಂದು ಹೇಳುವುದು ನಮ್ಮ ಪ್ರಯೋಗಾಲಯದ ಮೊದಲ ಪಾಠಗಳಲ್ಲಿ ಒಂದು. ಇದು ವಿಜ್ಞಾನದ ಪದವಿ. ಧಾರವಾಡದಲ್ಲಿ ಗ್ರಾಮೀಣ ಗೃಹವಿಜ್ಞಾನದ ಪದವಿ ಶಿಕ್ಷಣ ಶುರುವಾಗಿ ಅರ್ಧ ಶತಮಾನವೇ ಆಯಿತು. ಸರಕಾರದ ದುಡ್ಡಿನಲ್ಲಿ, ಅಂದರೆ ನಮ್ಮೆಲ್ಲರ ದುಡ್ಡಿನಲ್ಲಿ, ತಲೆಮಾರುಗಳನ್ನು ಓದಿಸಿ ಹೊರಗೆ ಕಳಿಸಿದ್ದಾರೆ. ಹೊರಗೆ ಬಂದವರು ಎಲ್ಲಿಗೆ ಹೋಗಬೇಕು ಎಂದು ಯೋಚಿಸಿದವರಿಲ್ಲ.

ಕೆಲಸ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ಅವರನ್ನು ಮೊದಲು ಹತ್ತಿರದ ಸರಕಾರಿ ಶಾಲೆಗೆ ಕರೆದುಕೊಂಡು ಹೋಗಬೇಕು. ಮಧ್ಯಾಹ್ನದ ಗಂಟೆ ಹೊಡೆದಾಗ.

2013ರಲ್ಲಿ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಬಂದಾಗಲೇ ಅದರ ಅನುಸೂಚಿಯಲ್ಲಿ ಅಂಕಿಗಳನ್ನು ಬರೆದಿದ್ದರು. ಕಿರಿಯ ಪ್ರಾಥಮಿಕ ಶಾಲೆಯ ಮಗುವಿಗೆ ಬಿಸಿಯೂಟದಲ್ಲಿ 450 ಕಿಲೋ ಕ್ಯಾಲರಿ ಮತ್ತು 12 ಗ್ರಾಂ ಪ್ರೋಟೀನ್ ಸಿಗಬೇಕು. ಹಿರಿಯ ಪ್ರಾಥಮಿಕದ ಮಗುವಿಗೆ 700 ಕಿಲೋ ಕ್ಯಾಲರಿ, 20 ಗ್ರಾಂ ಪ್ರೋಟೀನ್. ಗರ್ಭಿಣಿ ಬಾಣಂತಿಯರಿಗೆ 600 ಕಿಲೋ ಕ್ಯಾಲರಿ, 18ರಿಂದ 20 ಗ್ರಾಂ ಪ್ರೋಟೀನ್. ಕೊಟ್ಟರೆ ಕೊಡಬಹುದು ಎಂಬ ಸಲಹೆಯಲ್ಲ ಇದು, ಮಗುವಿನ ಹಕ್ಕು.

ಈಗ ಆ 12 ಗ್ರಾಂ ತಟ್ಟೆಗೆ ಬರುವುದು ಹೇಗೆ ನೋಡಿ. ಚಿಕ್ಕ ಮಗುವಿಗೆ ನಿಗದಿಯಾದದ್ದು 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಅಕ್ಕಿಯಿಂದ ಸುಮಾರು 7 ಗ್ರಾಂ ಪ್ರೋಟೀನ್ ಬರುತ್ತದೆ. 20 ಗ್ರಾಂ ತೊಗರಿಬೇಳೆಯಿಂದ ನಾಲ್ಕೂವರೆ ಗ್ರಾಂ ಹತ್ತಿರ. ಉಳಿದ ಚೂರುಪಾರು ತರಕಾರಿಯಿಂದ. ಅಂದರೆ ಲೆಕ್ಕ ಅಂಚಿನ ಮೇಲೆ ನಿಂತಿದೆ. ಸಾರಿಗೆ ಬೇಳೆ ಒಂದು ಹಿಡಿ ಕಡಿಮೆ ಬಿದ್ದು ನೀರು ಒಂದು ಚೊಂಬು ಹೆಚ್ಚಾದರೆ, ಬೇಳೆಯೆಲ್ಲ ತಳದಲ್ಲಿ ಉಳಿದು ಮೇಲಿನ ತಿಳಿಯನ್ನಷ್ಟೇ ಬಡಿಸಿದರೆ, ಆ ಮಗುವಿಗೆ ಕಾನೂನು ಕೊಟ್ಟದ್ದು ಸಿಗಲಿಲ್ಲ. ತಟ್ಟೆ ತುಂಬಿರುತ್ತದೆ, ಹೊಟ್ಟೆ ತುಂಬಿರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಸೊಪ್ಪನ್ನು ಹೆಚ್ಚಿದ ಮೇಲೆ ತೊಳೆದರೂ, ಬೇಗ ಬೇಯಲಿ ಎಂದು ಸೋಡಾ ಹಾಕಿದರೂ ಹೀಗೇ, ಇದ್ದ ಜೀವಸತ್ವವೂ ಹೋಯಿತು. ಮೊಟ್ಟೆ ತಿನ್ನದ ಮಗುವಿಗೆ ಬಾಳೆಹಣ್ಣು ಕೊಟ್ಟರೆ ಎರಡೂ ಒಂದೇ ಅಲ್ಲ ಎಂದು ಹೇಳುವವರು ಬೇಕು: ಒಂದು ಮೊಟ್ಟೆಯಲ್ಲಿ 6 ಗ್ರಾಂ ಹತ್ತಿರ ಪ್ರೋಟೀನ್ ಇದೆ, ಬಾಳೆಹಣ್ಣಿನಲ್ಲಿ ಒಂದು ಗ್ರಾಂ ಆಸುಪಾಸು. 

ಇದನ್ನು ನೋಡಿಕೊಳ್ಳುವವರು ಯಾರು? ಅಡುಗೆ ಮಾಡುವ ತಾಯಂದಿರು ಕಡಿಮೆ ಗೌರವಧನಕ್ಕೆ ಹೊಗೆ, ಬಿಸಿ ತಡೆದುಕೊಂಡು ದುಡಿಯುತ್ತಾರೆ. ಅವರ ಮೇಲೆ ನಮ್ಮ ದೂರಿಲ್ಲ. ಮುಖ್ಯ ಶಿಕ್ಷಕರು ಪಾಠದ ನಡುವೆ ಅಕ್ಕಿ ಮೂಟೆ, ಸಿಲಿಂಡರು, ಹಾಲಿನ ಪುಡಿಯ ಲೆಕ್ಕ ಬರೆಯುತ್ತಾರೆ. ಅವರ ಮೇಲೆಯೂ ದೂರಿಲ್ಲ. ತಾಲ್ಲೂಕಿನಲ್ಲಿ ನೂರಾರು ಅಡುಗೆಮನೆಗಳಿವೆ. ಅವನ್ನೆಲ್ಲ ತಿರುಗಿ ನೋಡಲು, ಅಡುಗೆಯವರ ಪಕ್ಕ ನಿಂತು ಹೇಳಿಕೊಡಲು, ಆ ಭಾಗದಲ್ಲಿ ಬೆಳೆಯುವ ರಾಗಿ, ಜೋಳ, ಸೊಪ್ಪು ಸೇರಿಸಿ ಊಟದ ಪಟ್ಟಿ ಮಾಡಲು ಪೋಷಣೆ ಓದಿದ ಒಬ್ಬರಾದರೂ ಬೇಡವೇ? ನಮ್ಮಲ್ಲಿ ಸೇತುವೆ ಕಟ್ಟಿದರೆ ಎಂಜಿನಿಯರ್ ಸಹಿ ಬೇಕು. ಒಂದು ತಾಲ್ಲೂಕಿನ ಅಷ್ಟೂ ಮಕ್ಕಳ ಊಟಕ್ಕೆ ಯಾರ ಸಹಿಯೂ ಬೇಡ ಎಂದರೆ ಏನರ್ಥ?

ಎರಡನೆಯದಾಗಿ ಜಿಲ್ಲಾಸ್ಪತ್ರೆಗೆ ಬನ್ನಿ, ತೀವ್ರ ಅಪೌಷ್ಟಿಕತೆಯ ಮಕ್ಕಳನ್ನು ಸೇರಿಸಿಕೊಳ್ಳುವ ಕೋಣೆಗೆ. ಹೊರಗಿನವರಿಗೆ ಈ ಕೆಲಸ ಗೊತ್ತಿಲ್ಲದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮಗುವಿನ ತೋಳಿಗೆ ಪಟ್ಟಿ ಸುತ್ತಿ ಅಳೆಯುತ್ತಾರೆ. ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಗುವಿಗೆ 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಅದು ತೀವ್ರ ಅಪೌಷ್ಟಿಕತೆ. ಅಂಥ ಮಗುವಿಗೆ ಕರುಣೆಯಿಂದ ಹೊಟ್ಟೆತುಂಬ ಉಣ್ಣಿಸಿದರೆ ಜೀವಕ್ಕೇ ಅಪಾಯ. ಬಡಕಲಾದ ದೇಹ ಒಮ್ಮೆಲೇ ಬಂದ ಆಹಾರವನ್ನು ತಡೆದುಕೊಳ್ಳುವುದಿಲ್ಲ. ಅದಕ್ಕೆ ಮೊದಲ ದಿನಗಳಲ್ಲಿ ಎಫ್-75 ಎಂಬ ಹಾಲು: 100 ಮಿಲಿಲೀಟರಿಗೆ 75 ಕಿಲೋ ಕ್ಯಾಲರಿ ಮಾತ್ರ. ಹಸುವಿನ ಹಾಲು, ಸಕ್ಕರೆ, ಮಂಡಕ್ಕಿ ಪುಡಿ, ಎಣ್ಣೆ, ನೀರು ಅಳತೆ ತಪ್ಪದೆ ಸೇರಿಸಿ ಅಲ್ಲೇ ಮಾಡಬಹುದು. ಮಗುವಿನ ತೂಕದ ಪ್ರತಿ ಕಿಲೋಗೆ ದಿನಕ್ಕೆ 130 ಮಿಲಿಲೀಟರು. ಮಗು 6 ಕಿಲೋ ಇದ್ದರೆ 780 ಮಿಲಿಲೀಟರು. ಅದನ್ನು ಎರಡೆರಡು ಗಂಟೆಗೊಮ್ಮೆ ಹನ್ನೆರಡು ಸಲ, ಪ್ರತಿ ಸಲ 65 ಮಿಲಿಲೀಟರು. ರಾತ್ರಿ ಎರಡಕ್ಕೂ ಎಬ್ಬಿಸಬೇಕು, ನಾಲ್ಕಕ್ಕೂ ಎಬ್ಬಿಸಬೇಕು. ಎಷ್ಟು ಕುಡಿಯಿತು, ಎಷ್ಟು ವಾಂತಿ ಮಾಡಿತು ಬರೆಯಬೇಕು. ದಿನಾ ತೂಕ ನೋಡಬೇಕು. ಹಸಿವು ಮರಳಿದ ಮೇಲೆ ಅದಕ್ಕಿಂತ ಹೆಚ್ಚು ಕ್ಯಾಲರಿಯ ಎಫ್-100 ಹಾಲು, ಆಮೇಲೆ ಮನೆಯ ಊಟ. ಕೂಲಿ ಬಿಟ್ಟು ಬಂದು ಕೂತ ತಾಯಿಗೆ, ಊರಿಗೆ ಹೋದ ಮೇಲೆ ರಾಗಿ ಅಂಬಲಿಗೆ ಏನು ಬೆರೆಸಬೇಕು ಎಂದು ಅವಳ ಕೈಯಲ್ಲೇ ಮಾಡಿಸಿ ತೋರಿಸಬೇಕು.

ಈ ಕೆಲಸ ಮಾಡುವವರಲ್ಲಿ ಪೋಷಣೆ ಓದಿದ ನಮ್ಮ ಹೆಣ್ಣುಮಕ್ಕಳಿದ್ದಾರೆ. ಹೆಚ್ಚಿನವರು ಗುತ್ತಿಗೆಯ ಮೇಲೆ. ಮಾರ್ಚ್ ತಿಂಗಳು ಬಂತೆಂದರೆ ಅವರಿಗೆ ನಿದ್ದೆ ಇಲ್ಲ. ಗುತ್ತಿಗೆ ಮುಂದುವರಿಯುತ್ತದೋ ಇಲ್ಲವೋ, ಮುಂದುವರಿದರೂ ಸಂಬಳ ಯಾವ ತಿಂಗಳಿಗೆ ಬರುತ್ತದೋ. ಹೆರಿಗೆ ರಜೆ ಕೇಳಲು ಹೆದರುತ್ತಾರೆ, ವಾಪಸು ಬಂದಾಗ ಜಾಗ ಇರುತ್ತದೆಂಬ ಭರವಸೆಯಿಲ್ಲ. ಬೇರೆಯವರ ಮಕ್ಕಳ ತೂಕ ಹೆಚ್ಚಿಸುವ ಹೆಂಗಸು ತನ್ನ ಮಗುವನ್ನು ಹೆರಲು ಹೆದರಬೇಕಾದ ಉದ್ಯೋಗ ಇದು. ತಾಲ್ಲೂಕು ಆಸ್ಪತ್ರೆಗಳಿಗೆ ಇಳಿದರೆ ಪಥ್ಯ ಹೇಳುವವರು ಗುತ್ತಿಗೆಗೂ ಸಿಗುವುದು ಅಪರೂಪ. ಅಲ್ಲಿ ಸಕ್ಕರೆ ಕಾಯಿಲೆಯ ಅಜ್ಜಿಗೂ, ಬಾಣಂತಿಗೂ, ಡಯಾಲಿಸಿಸ್‌ಗೆ ಬಂದ ಯಜಮಾನರಿಗೂ "ಉಪ್ಪು ಕಮ್ಮಿ ಮಾಡಿ, ಸಕ್ಕರೆ ಬಿಡಿ" ಎಂಬ ಒಂದೇ ಮಾತು.

ಇದು ನಿನ್ನೆ ಮೊನ್ನೆ ಹುಟ್ಟಿದ ತೊಂದರೆಯಲ್ಲ. ಅಂಗನವಾಡಿಗಳನ್ನು ಕಟ್ಟಿದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಾಯೋಗಿಕವಾಗಿ ಶುರುವಾಯಿತು. ಅದರಲ್ಲಿ ನಮ್ಮ ಟಿ. ನರಸೀಪುರವೂ ಒಂದು. ಮಗುವಿನ ಬೆಳವಣಿಗೆ, ತಾಯಿಯ ಪೋಷಣೆ, ಮನೆಮನೆಗೆ ಹೋಗಿ ತಿಳಿಹೇಳುವುದು: ಆ ಯೋಜನೆಯ ಮೈಯೆಲ್ಲ ಗೃಹವಿಜ್ಞಾನವೇ. ಆಗ ನಮ್ಮ ಹಿರಿಯಕ್ಕಂದಿರು, ಇನ್ನು ನಮ್ಮ ಓದಿಗೆ ಬೆಲೆ ಬಂತು ಎಂದುಕೊಂಡಿದ್ದರು. ಅವರಲ್ಲಿ ಕೆಲವರು ಮೇಲ್ವಿಚಾರಕಿಯರಾದರು, ಯೋಜನಾಧಿಕಾರಿಗಳಾದರು, ಒಳ್ಳೆಯ ಕೆಲಸ ಮಾಡಿದರು.

ಆಮೇಲೆ ಏನಾಯಿತೆಂದರೆ, ಆ ಒಂದೆರಡು ಹುದ್ದೆಗಳೇ ನಮ್ಮ ಪಾಲಿನ ಇಡೀ ಜಗತ್ತಾದವು. ನೇಮಕಾತಿಗೆ ಕರೆಯುವುದು ಯಾವಾಗಲೋ ಒಮ್ಮೆ. ಕರೆದರೆ ಪರೀಕ್ಷೆಗೆ ಇನ್ನಷ್ಟು ಕಾಲ, ಫಲಿತಾಂಶಕ್ಕೆ ಇನ್ನಷ್ಟು, ಆಯ್ಕೆ ಪಟ್ಟಿ ಬಂದ ಮೇಲೆ ತಕರಾರು. ಅಷ್ಟರಲ್ಲಿ ವಯೋಮಿತಿ ದಾಟಿರುತ್ತದೆ. ಮೇಲ್ವಿಚಾರಕಿಯ ಹುದ್ದೆಗಳಲ್ಲಿ ಒಂದು ಪಾಲು ಅಂಗನವಾಡಿ ಕಾರ್ಯಕರ್ತೆಯರ ಬಡ್ತಿಗೆ ಹೋಗುತ್ತದೆ. ಅದು ನ್ಯಾಯ, ಅವರು ನಮಗಿಂತ ಹೆಚ್ಚು ದುಡಿದಿದ್ದಾರೆ. ಅವರ ಬಾಯಿಂದ ತುತ್ತು ಕಸಿದು ನಮಗೆ ಕೊಡಿ ಎಂದು ಯಾರೂ ಕೇಳುತ್ತಿಲ್ಲ. ಇಬ್ಬರನ್ನೂ ಒಂದೇ ಇಕ್ಕಟ್ಟಾದ ಬಾಗಿಲಲ್ಲಿ ನಿಲ್ಲಿಸಿ ನೂಕಾಡಲು ಬಿಟ್ಟದ್ದೇ ತಪ್ಪು ಎನ್ನುತ್ತಿದ್ದೇವೆ. ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಗೃಹವಿಜ್ಞಾನದ ವಿಷಯ ತಜ್ಞರ ಹುದ್ದೆಯೂ ಇದೆ. ಕೇಂದ್ರಕ್ಕೆ ಒಂದೇ ಕುರ್ಚಿ. ಅದರಲ್ಲಿ ಕೂತವರು ನಿವೃತ್ತರಾಗುವ ತನಕ ಆ ಜಿಲ್ಲೆಯ ಮಿಕ್ಕವರು ಕಾಯಬೇಕು.

ಇನ್ನು ಅರ್ಹತೆಯ ಪಟ್ಟಿಗಳ ವಿಚಾರ. ಇಲ್ಲಿ ನನಗೆ ನಿಜವಾಗಿ ಸಿಟ್ಟು ಬರುತ್ತದೆ.

ಹೋಟೆಲು, ಬೇಕರಿ, ಗಾಡಿ ಅಂಗಡಿಗಳ ಆಹಾರ ಪರೀಕ್ಷಿಸುವ ಆಹಾರ ಸುರಕ್ಷತಾ ಅಧಿಕಾರಿಯ ಕೆಲಸ ನಿಮಗೆ ಗೊತ್ತು. 2006ರ ಆಹಾರ ಸುರಕ್ಷತಾ ಕಾಯ್ದೆಗೆ 2011ರಲ್ಲಿ ನಿಯಮ ಬರೆದಾಗ ಈ ಹುದ್ದೆಗೆ ಯಾರು ಅರ್ಹರು ಎಂದು ಪಟ್ಟಿ ಮಾಡಿದರು. ಆಹಾರ ತಂತ್ರಜ್ಞಾನ, ಡೇರಿ ತಂತ್ರಜ್ಞಾನ, ಜೈವಿಕ ತಂತ್ರಜ್ಞಾನ, ಎಣ್ಣೆ ತಂತ್ರಜ್ಞಾನ, ಕೃಷಿ, ಪಶುವೈದ್ಯ, ಜೀವರಸಾಯನ, ಸೂಕ್ಷ್ಮಾಣುಜೀವಿ ವಿಜ್ಞಾನದ ಪದವೀಧರರು, ರಸಾಯನ ಶಾಸ್ತ್ರದ ಸ್ನಾತಕೋತ್ತರರು, ವೈದ್ಯರು, ಎಲ್ಲರೂ ಅದರಲ್ಲಿದ್ದರು. ಎಣ್ಣೆ ತಂತ್ರಜ್ಞಾನವನ್ನೂ ನೆನಪಿಟ್ಟುಕೊಂಡು ಬರೆದವರಿಗೆ ಗೃಹವಿಜ್ಞಾನ ನೆನಪಾಗಲಿಲ್ಲ. ಕಲಬೆರಕೆ ಪತ್ತೆ ಮಾಡುವುದನ್ನು ನಮ್ಮ ವಿದ್ಯಾರ್ಥಿನಿಯರು ಪಿಯುಸಿಯಿಂದಲೇ ಕಲಿಯುತ್ತಾರೆ.

ಪದವಿಯ ಹೆಸರನ್ನೇ ಬದಲಾಯಿಸುತ್ತಾ ಬಂದದ್ದು ಮತ್ತೊಂದು ಕಾಟ. ಕೃಷಿ ವಿಶ್ವವಿದ್ಯಾಲಯಗಳ ಕಡೆ ಗೃಹವಿಜ್ಞಾನ ಹೋಗಿ ಸಮುದಾಯ ವಿಜ್ಞಾನವಾಯಿತು. ಬೇರೆ ಕಡೆ ಆಹಾರ ಮತ್ತು ಪೋಷಣೆ, ಮಾನವ ಅಭಿವೃದ್ಧಿ, ಜವಳಿ ವಿಜ್ಞಾನ ಎಂದು ಒಡೆದು ಹಂಚಿದರು. ಕಾಲಕ್ಕೆ ತಕ್ಕ ಹೆಸರು ಇಟ್ಟುಕೊಳ್ಳಲಿ, ತಕರಾರಿಲ್ಲ. ಹೆಸರು ಬದಲಾದ ದಿನವೇ ವೃಂದ ಮತ್ತು ನೇಮಕಾತಿ ನಿಯಮಗಳಲ್ಲೂ ಒಂದು ಸಾಲು ಸೇರಿಸಬೇಕಿತ್ತು. ಅದನ್ನು ಮಾಡದೆ ಬಿಟ್ಟರೆ ಆಗುವುದಿಷ್ಟು: ಅಧಿಸೂಚನೆಯಲ್ಲಿ ಗೃಹವಿಜ್ಞಾನ ಎಂದಿರುತ್ತದೆ, ಹುಡುಗಿಯ ಪ್ರಮಾಣಪತ್ರದಲ್ಲಿ ಸಮುದಾಯ ವಿಜ್ಞಾನ ಎಂದಿರುತ್ತದೆ. ದಾಖಲಾತಿ ಪರಿಶೀಲನೆಯ ದಿನ ಅವಳನ್ನು ಪಕ್ಕಕ್ಕೆ ನಿಲ್ಲಿಸುತ್ತಾರೆ. ತತ್ಸಮಾನ ಪ್ರಮಾಣಪತ್ರ ತಾ ಎನ್ನುತ್ತಾರೆ. ಅವಳು ಓದಿದಲ್ಲಿಗೆ ಓಡುತ್ತಾಳೆ. ಅಲ್ಲಿ, ನೇಮಕ ಮಾಡಿಕೊಳ್ಳುವವರು ಪತ್ರ ಬರೆದು ಕೇಳಿದರೆ ಕೊಡುತ್ತೇವೆ ಎನ್ನುತ್ತಾರೆ. ಇಲ್ಲಿ, ಅಭ್ಯರ್ಥಿಯೇ ತರಬೇಕು ಎನ್ನುತ್ತಾರೆ. ಕೊನೆಯ ದಿನಾಂಕ ಯಾರಿಗೂ ಕಾಯುವುದಿಲ್ಲ.

ಓದುವಾಗ ಚಿನ್ನದ ಪದಕ ತಂದವರೂ ಈ ಬಾಗಿಲಿನಿಂದ ಆ ಬಾಗಿಲಿಗೆ ಅಲೆದದ್ದನ್ನು ನಾನು ಬಲ್ಲೆ. ಬಸ್ಸಿನ ಖರ್ಚಿಗೆ ಅಪ್ಪನನ್ನು ಕೇಳಬೇಕಾದ ವಯಸ್ಸಲ್ಲ ಅದು. ಕೇಳಲು ನಾಚಿ ಕೊನೆಯ ಸುತ್ತಿಗೆ ಹೋಗದೆ ಉಳಿದವರಿದ್ದಾರೆ.

ಪಾಠ ಮಾಡೋಣವೆಂದರೆ ಅಲ್ಲೂ ದಾರಿ ಕಿರಿದಾಗುತ್ತಿದೆ. ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕರಾಗಲು ಭೌತಶಾಸ್ತ್ರ, ರಸಾಯನ, ಗಣಿತ, ಜೀವಶಾಸ್ತ್ರಗಳ ಜೋಡಣೆ ಕೇಳುತ್ತಾರೆ. ಪಿಯು ಕಾಲೇಜುಗಳಲ್ಲಿ ನಮ್ಮ ವಿಷಯವಿದೆ, ಆದರೆ ಹಳಬರು ನಿವೃತ್ತರಾದ ಮೇಲೆ ಆ ಕುರ್ಚಿ ಖಾಲಿ ಉಳಿಯುತ್ತದೆ. ಒಂದಷ್ಟು ಕಾಲ ಅತಿಥಿ ಉಪನ್ಯಾಸಕಿ ಬರುತ್ತಾಳೆ. ಕಾಲೇಜು ಶುರುವಾಗಿ ಎಷ್ಟೋ ದಿನದ ಮೇಲೆ ನೇಮಕ, ಬೇಸಿಗೆ ರಜೆ ಬಂದರೆ ಸಂಬಳವಿಲ್ಲ. ಪ್ರಯೋಗಾಲಯದ ತಕ್ಕಡಿ ಕೆಟ್ಟರೆ ರಿಪೇರಿಯಿಲ್ಲ, ಒಲೆಗೆ ಗ್ಯಾಸಿಲ್ಲ. ಮಕ್ಕಳ ಸಂಖ್ಯೆ ಇಳಿಯುತ್ತದೆ. ಆಗ, ಈ ವಿಷಯಕ್ಕೆ ಮಕ್ಕಳೇ ಸೇರುತ್ತಿಲ್ಲ, ವಿಭಾಗ ಮುಚ್ಚೋಣ ಎಂಬ ಟಿಪ್ಪಣಿ ಏಳುತ್ತದೆ. ಕೆಲಸ ಸಿಗದ ವಿಷಯಕ್ಕೆ ಯಾವ ತಂದೆ ಮಗಳನ್ನು ಸೇರಿಸುತ್ತಾನೆ? ಹುದ್ದೆ ಕೊಡದೆ ಮಕ್ಕಳನ್ನು ಓಡಿಸಿ, ಮಕ್ಕಳಿಲ್ಲವೆಂದು ಹುದ್ದೆ ರದ್ದು ಮಾಡುವುದು ಯಾವ ಊರಿನ ನ್ಯಾಯ?

ಮುಚ್ಚಿದರೆ ಹೋಗುವುದು ಯಾರದು ಎಂಬುದನ್ನೂ ನೋಡಬೇಕು. ಈ ವಿಷಯಕ್ಕೆ ಸೇರುವವರಲ್ಲಿ ಬಹಳ ಮಂದಿ ಹಳ್ಳಿಯ, ಸಣ್ಣ ಪಟ್ಟಣದ ಹೆಣ್ಣುಮಕ್ಕಳು, ಮನೆಯಲ್ಲಿ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದವರು. ಎಂಜಿನಿಯರಿಂಗ್ ಸೀಟಿನ ದುಡ್ಡು ಹೊಂದಿಸಲಾಗದ ಮನೆಯವರು, ಹೆಣ್ಣುಮಗಳಿಗೆ ಇದು ಚೆನ್ನಾಗಿದೆ ಎಂದು ಒಪ್ಪಿ ಕಳಿಸಿದವರು. ಆ ಒಪ್ಪಿಗೆ ಬಹಳ ಕಷ್ಟಪಟ್ಟು ಗಳಿಸಿದ್ದು. ಮೊದಲ ಮಗಳು ಓದಿ ಮನೆಯಲ್ಲಿ ಕೂತರೆ ಎರಡನೆಯವಳ ಓದು ಪಿಯುಸಿಗೇ ನಿಲ್ಲುತ್ತದೆ. ಓದಿಸಿ ಏನು ಬಂತು ಎಂದು ಊರವರೂ ಹೇಳಿಬಿಡುತ್ತಾರೆ.

ಖಾಸಗಿಯವರಲ್ಲಿ ಹುಡುಕಿ ಎನ್ನುತ್ತಾರೆ. ಹುಡುಕಿದ್ದೇವೆ. ದೊಡ್ಡ ಆಸ್ಪತ್ರೆಗಳಲ್ಲಿ ಡಯಟಿಷಿಯನ್ ಆಗಲು ಸಾಮಾನ್ಯವಾಗಿ ಸ್ನಾತಕೋತ್ತರ ಓದು ಬೇಕು, ಮೇಲೆ ಆರು ತಿಂಗಳ ಇಂಟರ್ನ್‌ಶಿಪ್ ಬೇಕು, ನೋಂದಾಯಿತ ಡಯಟಿಷಿಯನ್ ಪರೀಕ್ಷೆಯನ್ನೂ ಬರೆಯಬೇಕು. ಅದೆಲ್ಲ ಇರಲಿ, ರೋಗಿಯ ಜೀವದ ವಿಷಯ. ಆದರೆ ಆ ಆರು ತಿಂಗಳು ಎಷ್ಟೋ ಕಡೆ ಕೈಗೆ ಕಾಸಿಲ್ಲ. ಕೊಪ್ಪಳದ, ಯಾದಗಿರಿಯ ಹುಡುಗಿ ಬೆಂಗಳೂರಿನಲ್ಲಿ ಪಿ.ಜಿ. ಬಾಡಿಗೆ ಕಟ್ಟಿಕೊಂಡು ಪುಕ್ಕಟೆ ದುಡಿಯುವುದು ಯಾರ ದುಡ್ಡಿನಲ್ಲಿ? ಮಾನವ ಅಭಿವೃದ್ಧಿ ಓದಿದವರು ನರ್ಸರಿ ಶಾಲೆಗೆ ಹೋದರೆ ಅಲ್ಲಿ ಕೇಳುವುದು ಇಂಗ್ಲಿಷ್ ಬರುತ್ತದಾ ಎಂದು; ಮೂರು ವರ್ಷದ ಮಗುವಿನ ಮನಸ್ಸು ಗೊತ್ತಾ ಎಂದಲ್ಲ. ಕೊಡುವ ಸಂಬಳ ಮನೆ ಬಾಡಿಗೆಗೂ ಸಾಲದು. ಜವಳಿ ಓದಿದವರಿಗೆ ಗಾರ್ಮೆಂಟ್ಸ್ ಇವೆ. ಗುಣಮಟ್ಟ ತಪಾಸಣೆಯ ಮೇಜಿಗೆ ಸೇರಿ, ಅಲ್ಲಿಂದ ಮೇಲೇರಿದವರೂ ಇದ್ದಾರೆ. ಇಳಕಲ್, ಮೊಳಕಾಲ್ಮುರುಗಳ ಕಡೆ ನೇಕಾರರ ಜೊತೆ ಬಣ್ಣ, ವಿನ್ಯಾಸದ ಕೆಲಸ ಮಾಡಬಲ್ಲವರು ನಮ್ಮಲ್ಲಿದ್ದಾರೆ. ಅವರನ್ನು ಕರೆದು ಕೆಲಸ ಕೊಟ್ಟು ಸಂಬಳ ಕೊಡುವ ವ್ಯವಸ್ಥೆ ಇಲ್ಲ.

ಈ ನಡುವೆ ಇನ್ನೊಂದು ಪೀಡೆ ಹಬ್ಬಿದೆ. ವಾರಾಂತ್ಯದ ಕೋರ್ಸು ಮಾಡಿದವರು, ಏನೂ ಮಾಡದವರು, ಮೊಬೈಲಿನಲ್ಲಿ ಡಯಟ್ ಕೋಚ್ ಎಂದು ಹಲಗೆ ಹಾಕಿಕೊಂಡಿದ್ದಾರೆ. ಎಲ್ಲರಿಗೂ ಒಂದೇ ಪಟ್ಟಿ, ಜೊತೆಗೆ ಡಬ್ಬಿಯಲ್ಲಿ ಪುಡಿ. ಮೂತ್ರಪಿಂಡ ಸೋತವರಿಗೂ ಪ್ರೋಟೀನ್ ಪುಡಿ ಕುಡಿಸುತ್ತಾರೆ. ಇವರನ್ನು ತಡೆಯಲೆಂದೇ ಕಾನೂನೊಂದು ಬಂತು ಎಂದು ನಾವು ನಂಬಿದ್ದೆವು. 2021ರ ಸಹ ಆರೋಗ್ಯ ವೃತ್ತಿಗಳ ಕಾಯ್ದೆಯಲ್ಲಿ ಡಯಟಿಷಿಯನ್, ನ್ಯೂಟ್ರಿಷನಿಸ್ಟ್ ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ಅರ್ಹರ ಹೆಸರು ನೋಂದಣಿ ಪುಸ್ತಕಕ್ಕೆ ಬರಬೇಕು. ರಾಜ್ಯಗಳಲ್ಲಿ ಪರಿಷತ್ತುಗಳು ಆರು ತಿಂಗಳಲ್ಲಿ ಆಗಬೇಕೆಂದು ಕಾನೂನೇ ಹೇಳಿತ್ತು. ದೇಶದ ಎಷ್ಟೋ ಕಡೆ ಆ ಆರು ತಿಂಗಳು ವರ್ಷಗಳಾಗಿ ಬೆಳೆದವು. ನ್ಯಾಯಾಲಯವೇ ಚುರುಕು ಮುಟ್ಟಿಸಬೇಕಾಯಿತು. ಕಾಗದದಲ್ಲಿ ನಮ್ಮ ವೃತ್ತಿಗೆ ಮಾನ್ಯತೆ ಸಿಕ್ಕಿದೆ. ಬೀದಿಯಲ್ಲಿ ಪುಡಿ ಮಾರುವವರು ಹಾಗೇ ಇದ್ದಾರೆ.

ಅಷ್ಟರಲ್ಲಿ ಮಕ್ಕಳ ಸ್ಥಿತಿ ಏನು? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕರ್ನಾಟಕದ ಬಗ್ಗೆ ಹೇಳಿದ್ದನ್ನು ನೋಡಿ. ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 35 ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ. ಆರು ತಿಂಗಳು ದಾಟಿದ ಚಿಕ್ಕ ಮಕ್ಕಳಲ್ಲಿ ನೂರಕ್ಕೆ 65ಕ್ಕೂ ಹೆಚ್ಚು ಮಕ್ಕಳಿಗೆ ರಕ್ತಹೀನತೆ. 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ಮಾತ್ರೆ ಹಂಚಿದ್ದಾರೆ, ಹಾಲು ಕೊಟ್ಟಿದ್ದಾರೆ, ಮೊಟ್ಟೆ ಕೊಟ್ಟಿದ್ದಾರೆ. ಕೊಟ್ಟದ್ದನ್ನು ನಾವು ಅಲ್ಲಗಳೆಯುವುದಿಲ್ಲ. ಕಬ್ಬಿಣದ ಮಾತ್ರೆಯನ್ನು ಚಹಾದ ಜೊತೆ ನುಂಗಿದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ, ನಿಂಬೆಹುಳಿಯ ಜೊತೆಗಾದರೆ ಚೆನ್ನಾಗಿ ಹತ್ತುತ್ತದೆ ಎಂದು ಮನೆಯೊಳಗೆ ಕೂತು ಹೇಳುವವರು ಬೇಕಲ್ಲವೇ? ಆಶಾ ಕಾರ್ಯಕರ್ತೆ ಹೇಳಲಿ ಎನ್ನುತ್ತಾರೆ. ಅವಳ ತಲೆಯ ಮೇಲೆ ಹೊರಿಸಿದ್ದು ಇನ್ನೂ ಸಾಲದೇ?

ಒಂದು ಕಡೆ ರಕ್ತವಿಲ್ಲದ ಮಕ್ಕಳು. ಇನ್ನೊಂದು ಕಡೆ ಅವರಿಗೆ ಏನು ಉಣ್ಣಿಸಬೇಕೆಂದು ಓದಿ, ಮೊಬೈಲ್ ಅಂಗಡಿಯಲ್ಲಿ ರಸೀದಿ ಬರೆಯುತ್ತಿರುವ ಪದವೀಧರೆ. ಇಬ್ಬರೂ ಒಂದೇ ಬೀದಿಯವರು. ಇವರನ್ನು ಸೇರಿಸಲು ಒಂದು ಆದೇಶ ಸಾಕು.

ಆ ಆದೇಶ ಬರುವುದಿಲ್ಲ. ಬರುವುದಿಲ್ಲ ಎಂದು ಹೇಳುವವರೂ ಇಲ್ಲ. ಇದೇ ಹೆಚ್ಚು ಸುಸ್ತು ಮಾಡುವುದು. ಮನವಿ ಕೊಟ್ಟರೆ ಸಂಬಂಧಪಟ್ಟ ಇಲಾಖೆಗೆ ರವಾನಿಸಲಾಗಿದೆ. ಸಂಬಂಧಪಟ್ಟವರನ್ನು ಕೇಳಿದರೆ ಪರಿಶೀಲನೆಯಲ್ಲಿದೆ. ಮತ್ತೆ ಕೇಳಿದರೆ ಹಣಕಾಸಿನ ಒಪ್ಪಿಗೆಗೆ ಹೋಗಿದೆ. ಅಲ್ಲಿಂದ ಆಚೆ ಕಡತಕ್ಕೆ ಕಾಲಿಲ್ಲ. ವಿಷಯ ಗೊತ್ತಿದ್ದ ಅಧಿಕಾರಿ ವರ್ಗವಾಗಿ ಹೋಗುತ್ತಾರೆ. ಹೊಸಬರಿಗೆ ಮೊದಲಿನಿಂದ ಹೇಳಬೇಕು, ಹೋಮ್ ಸೈನ್ಸ್ ಎಂದರೆ ಅಡುಗೆ ತರಗತಿಯಲ್ಲ ಸರ್ ಎಂಬಲ್ಲಿಂದ. ಬಯ್ದರೂ ತಡೆದುಕೊಳ್ಳಬಹುದು. ಮಾತೇ ಆಡದಿದ್ದರೆ, ನಾವು ಇದ್ದೇವೆಂಬುದೇ ಇವರ ಲೆಕ್ಕದಲ್ಲಿಲ್ಲ ಎಂದು ಅನಿಸತೊಡಗುತ್ತದೆ. ಹಾಗೆ ಅನಿಸಿ ಎಷ್ಟೋ ಮಂದಿ ಅರ್ಜಿ ಹಾಕುವುದನ್ನೇ ಬಿಟ್ಟರು. ಬಿಟ್ಟವರನ್ನು ನಿರುದ್ಯೋಗಿಗಳೆಂದು ಯಾರೂ ಎಣಿಸುವುದಿಲ್ಲ. ಗೃಹಿಣಿ ಎಂದು ಬರೆದುಕೊಳ್ಳುತ್ತಾರೆ.

ಹಣವಿಲ್ಲ ಎಂಬ ಉತ್ತರ ಬರುತ್ತದೆಂದು ಗೊತ್ತು. ಎಲ್ಲವನ್ನೂ ನಾಳೆಯೇ ಮಾಡಿ ಎಂದು ನಾವು ಕೇಳುತ್ತಿಲ್ಲ. ಹಣ ಬೇಕಿಲ್ಲದ ಕೆಲಸಗಳಿಂದ ಶುರುಮಾಡಿ. ಗೃಹವಿಜ್ಞಾನ, ಸಮುದಾಯ ವಿಜ್ಞಾನ, ಆಹಾರ ಮತ್ತು ಪೋಷಣೆ, ಮಾನವ ಅಭಿವೃದ್ಧಿ, ಇವುಗಳಲ್ಲಿ ಯಾವುದು ಯಾವ ಹುದ್ದೆಗೆ ಸಮಾನ ಎಂಬ ಒಂದು ಪಟ್ಟಿಯನ್ನು ಆದೇಶವಾಗಿ ಹೊರಡಿಸಿ; ಕಾಗದದ ಖರ್ಚಷ್ಟೇ. ನೇಮಕಾತಿ ನಿಯಮಗಳಲ್ಲಿ ಆಹಾರ, ಪೋಷಣೆ, ಶಿಶುವಿನ ಮಾತು ಬರುವಲ್ಲೆಲ್ಲ ನಮ್ಮ ಪದವಿಯ ಹೆಸರು ಬರೆಯಿರಿ. ವಿದ್ಯಾರ್ಥಿನಿಲಯಗಳ ನಿಲಯಪಾಲಕರ ನೇಮಕದಲ್ಲಿ ಅಡುಗೆಮನೆ, ಊಟದ ಪಟ್ಟಿ ಗೊತ್ತಿದ್ದವರಿಗೆ ಆದ್ಯತೆ ಕೊಡಿ. ಹಾಸ್ಟೆಲ್ ಊಟ ಸರಿಯಿಲ್ಲವೆಂದು ಮಕ್ಕಳು ತಟ್ಟೆ ಹಿಡಿದು ರಸ್ತೆಗೆ ಬರುವುದು ತಪ್ಪೀತು. ಆಮೇಲೆ ತಾಲ್ಲೂಕಿಗೊಬ್ಬ ಪೋಷಣಾ ಅಧಿಕಾರಿ. ಶಾಲೆ, ಅಂಗನವಾಡಿ, ಹಾಸ್ಟೆಲ್, ಆಸ್ಪತ್ರೆ ನಾಲ್ಕಕ್ಕೂ ಸೇರಿ ಒಬ್ಬರೇ ಸಾಕು, ಮೊದಲಿಗೆ. ಅಪೌಷ್ಟಿಕ ಮಕ್ಕಳ ಕೋಣೆಯಲ್ಲಿ ರಾತ್ರಿ ಎರಡಕ್ಕೆ ಹಾಲು ಅಳೆಯುವವರನ್ನು ಕಾಯಂ ಮಾಡಿ. ಇಂಟರ್ನ್‌ಶಿಪ್ ಮಾಡುವವರಿಗೆ ಬಾಡಿಗೆಯಷ್ಟಾದರೂ ಕೊಡಿ. ಪಿಯು ಕಾಲೇಜಿನ ಖಾಲಿ ಕುರ್ಚಿಗಳನ್ನು ಮುಚ್ಚುವ ಮೊದಲು ಒಮ್ಮೆ ತುಂಬಿ ನೋಡಿ.

ಇನ್ನು ನಿಮಗೆ, ನನ್ನ ಜೊತೆಗೆ ಕಾದವರಿಗೆ. ಒಬ್ಬೊಬ್ಬರೇ ಅಲೆಯುವುದು ಸಾಕು. ನಿಮ್ಮ ಪದವಿ ಯಾವುದು, ಯಾವ ಅಧಿಸೂಚನೆಯಲ್ಲಿ ಯಾವ ಕಾರಣ ಹೇಳಿ ಕೈಬಿಟ್ಟರು, ಮನವಿ ಕೊಟ್ಟ ದಿನಾಂಕ ಯಾವುದು, ಸ್ವೀಕೃತಿಯ ಸಂಖ್ಯೆ ಎಷ್ಟು, ಒಂದು ಹಾಳೆಯಲ್ಲಿ ಬರೆದಿಡಿ. ನಿಮ್ಮ ತಾಲ್ಲೂಕಿನಲ್ಲಿ ಹೀಗೆ ಅವಕಾಶ ತಪ್ಪಿದವರು ಇನ್ನು ಯಾರಿದ್ದಾರೆ ಕೇಳಿ, ಅವರ ಹಾಳೆಯನ್ನೂ ಸೇರಿಸಿ. ನಿಮ್ಮ ಶಾಸಕರು ಊರಿಗೆ ಬಂದಾಗ ಆ ಕಟ್ಟನ್ನು ಕೈಗೆ ಕೊಟ್ಟು, ಸದನದಲ್ಲಿ ಪ್ರಶ್ನೆಯಾಗಿ ಕೇಳಿ ಎಂದು ಹೇಳಿ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ನಿಮ್ಮ ಜಿಲ್ಲೆಯಲ್ಲಿ ಪೋಷಣೆಗೆ ಸಂಬಂಧಿಸಿದ ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ಎಂದಿನಿಂದ ಖಾಲಿ ಎಂದು ಕೇಳಿ. ಮದುವೆಯಾಗಿ ಮನೆಯಲ್ಲಿ ಉಳಿದವರು, ನಮಗಿನ್ನೇನು ಎಂದು ಸುಮ್ಮನಿರಬೇಡಿ. ನಿಮ್ಮ ಹಾಳೆಯೂ ಲೆಕ್ಕಕ್ಕೆ ಬೇಕು.

ಉತ್ತರ ಕೊಡಬೇಕಾದವರಿಗೆ ಕಡೆಯದಾಗಿ ಇಷ್ಟು. ಆಗುವುದಾದರೆ ಯಾವಾಗ ಎಂದು ದಿನಾಂಕ ಹಾಕಿ ಹೇಳಿ. ಆಗುವುದಿಲ್ಲವಾದರೆ ಆಗುವುದಿಲ್ಲ ಎಂದೇ ಬರಹದಲ್ಲಿ ಕೊಡಿ. ಯಾವ ನಿಯಮದ ಪ್ರಕಾರ ಆಗುವುದಿಲ್ಲ, ಆ ನಿಯಮವನ್ನು ತಿದ್ದುವ ಅಧಿಕಾರ ಯಾರಿಗಿದೆ ಎಂಬುದೂ ಅದರಲ್ಲಿರಲಿ. ಮುಂದಿನ ಮನವಿಯನ್ನು ಅವರಿಗೆ ಕೊಡುತ್ತೇವೆ.

ಇತಿ,
ಗೃಹವಿಜ್ಞಾನ ಓದಿದ ನಿಮ್ಮವಳೊಬ್ಬಳು